ಎಡಗಿವಿ ಪೂರ್ತಿ ಹೋಗಿದೆ ಎಂದವರು: ಒಂದು ಪ್ರಕರಣ ಅಧ್ಯಯನ

ಅವರಿಗೆ 41 ವರ್ಷ. ಲೋಹದ ಕೆಲಸ ನಡೆಯುವ ಕಾರ್ಖಾನೆಯಲ್ಲಿ 14 ವರ್ಷದಿಂದ ದುಡಿಯುತ್ತಿದ್ದರು. ಏಳು ತಿಂಗಳ ಹಿಂದೆ, ಒತ್ತಡದ ಗಾಳಿ ಹರಿಯುವ ಪೈಪೊಂದು ಅವರ ಎಡಗಡೆ, ಕೈಯಳತೆಯಲ್ಲೇ ಸಿಡಿಯಿತು. ಅವತ್ತಿನಿಂದ ಎಡಗಿವಿ ಏನೂ ಕೇಳುತ್ತಿಲ್ಲ, "ಪೂರ್ತಿ ಸತ್ತೋಗಿದೆ" ಎಂದರು. ಪರಿಹಾರಕ್ಕೆ ಅರ್ಜಿ ಹಾಕಿದ್ದರು. ಎಷ್ಟು ಕೇಳುತ್ತದೆ ಎಂದು ಅಳೆದು ವರದಿ ಕೊಡಿ ಎಂದು ಕಿವಿ-ಮೂಗು-ಗಂಟಲು ವೈದ್ಯರು ಬರೆದ ಚೀಟಿ ಕೈಯಲ್ಲಿತ್ತು.

ನಾನು ಆಡಿಯಾಲಜಿಸ್ಟ್. ಕಿವಿಗೆ ಎಷ್ಟು ಕೇಳುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯುವುದಕ್ಕೆ ಕಾರಣವಿದೆ. ಇವರು ಕಿವುಡನ್ನು ನಟಿಸುತ್ತಿದ್ದರು. ಅದೇ ಸಮಯದಲ್ಲಿ, ಆ ನಟನೆಯ ಕೆಳಗೆ ನಿಜವಾದ ಕಿವುಡೂ ಇತ್ತು. ಮೊದಲನೆಯದನ್ನು ಕಂಡುಹಿಡಿದು ಅಲ್ಲಿಗೇ ನಿಲ್ಲಿಸಿದ್ದರೆ ಎರಡನೆಯದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮೊದಲ ದಿನ

ಒಳಗೆ ಬಂದವರು ತಮ್ಮ ಎಡಗಡೆ ನಾನಿರುವಂತೆ ಕುರ್ಚಿ ಎಳೆದುಕೊಂಡು ಕೂತರು. ಒಂದು ಕಿವಿ ನಿಜವಾಗಿ ಹೋದವರು ಸಾಮಾನ್ಯವಾಗಿ ಹಾಗೆ ಕೂರುವುದಿಲ್ಲ. ಕೇಳುವ ಕಿವಿ ಮಾತಾಡುವವರ ಕಡೆಗೆ ಬರುವಂತೆ, ತಮಗೇ ಗೊತ್ತಿಲ್ಲದೆ ಜಾಗ ಹುಡುಕಿಕೊಳ್ಳುತ್ತಾರೆ. ಇವರು ನಾನು ಕೇಳಿದ ಪ್ರತಿ ಪ್ರಶ್ನೆಗೂ ಕತ್ತನ್ನು ಪೂರ್ತಿ ತಿರುಗಿಸಿ, ಬಲಗಿವಿಗೆ ಕೈ ಅಡ್ಡ ಹಿಡಿದು, ಹುಬ್ಬು ಗಂಟಿಕ್ಕಿ ಕೇಳಿಸಿಕೊಳ್ಳುತ್ತಿದ್ದರು. ಇದನ್ನು ಗಮನಿಸಿಟ್ಟುಕೊಂಡೆ, ಅಷ್ಟೇ. ಹೊಸ ಜಾಗ, ಭಯ, ಅರ್ಜಿಯ ಚಿಂತೆ ಇರುವಾಗ ಯಾರು ಬೇಕಾದರೂ ವಿಚಿತ್ರವಾಗಿ ನಡೆದುಕೊಳ್ಳಬಹುದು.

ಹಿಂದೆ ನಿಂತು ಚಪ್ಪಾಳೆ ತಟ್ಟುವುದು, ನಾಣ್ಯ ಬೀಳಿಸುವುದು, ಪಿಸುಮಾತಿನಲ್ಲಿ ಏನೋ ಅಂದು ಮುಖ ನೋಡುವುದು, ಇಂಥ ಹಳೆಯ ಉಪಾಯಗಳನ್ನು ಈಗಲೂ ಕೆಲವರು ಮಾಡುತ್ತಾರೆ. ನನಗೆ ಅದು ಇಷ್ಟವಿಲ್ಲ. ಒಂದು ಕಿವಿ ಮಾತ್ರ ಕೇಳುವುದಿಲ್ಲ ಎನ್ನುವವರಲ್ಲಿ ಚಪ್ಪಾಳೆಯಿಂದ ಏನೂ ತಿಳಿಯುವುದೂ ಇಲ್ಲ, ಇನ್ನೊಂದು ಕಿವಿ ಚೆನ್ನಾಗಿಯೇ ಇದೆಯಲ್ವಾ? ಎದುರಿಗಿರುವ ಮನುಷ್ಯನಿಗೆ ಅವಮಾನವಾಗುವುದು ಬಿಟ್ಟರೆ ಅದರಿಂದ ಒಂದು ಅಂಕಿಯೂ ಸಿಗುವುದಿಲ್ಲ.

ಕಿವಿಯಲ್ಲಿ ಏನಾದರೂ ಸದ್ದು ಬರುತ್ತದೆಯೇ ಎಂದು ಕೇಳಿದೆ. "ಏನೂ ಇಲ್ಲ, ಖಾಲಿ" ಎಂದರು. ಈ ಹಿಂದೆ ಪರೀಕ್ಷೆ ಮಾಡಿಸಿದ್ದೀರಾ ಎಂದು ಕೇಳಿದಾಗಲೂ ಇಲ್ಲ ಎಂದರು. ಈ ಎರಡು ಉತ್ತರಗಳೂ ಆಮೇಲೆ ಬದಲಾದವು.

ಸದ್ದು ಬಾರದ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದೆ. "ಬೀಪ್ ಅಂತ ಕೇಳಿಸಿದ ತಕ್ಷಣ ಬಟನ್ ಒತ್ತಿ. ಎಷ್ಟೇ ಸಣ್ಣಗೆ ಕೇಳಿಸಿದರೂ ಒತ್ತಿ" ಎಂದು ಹೇಳಿದೆ. ಕೇಳಿಸಿದರೆ 10 ಡೆಸಿಬೆಲ್ ಇಳಿಸುತ್ತೇವೆ, ಕೇಳಿಸದಿದ್ದರೆ 5 ಏರಿಸುತ್ತೇವೆ. ಹೀಗೆ ಹತ್ತಿಳಿಯುತ್ತಾ, ಕೇಳಿಸಿಯೂ ಕೇಳಿಸದಂತಿರುವ ಅಂಚನ್ನು ಹುಡುಕುತ್ತೇವೆ. ಅದನ್ನು ಕೇಳುವಿಕೆಯ ಹೊಸ್ತಿಲು ಎನ್ನಬಹುದು. ದೊಡ್ಡವರಲ್ಲಿ ಹೊಸ್ತಿಲು 25 ಡೆಸಿಬೆಲ್ ಒಳಗಿದ್ದರೆ ಸಾಮಾನ್ಯ ಎಂದು ಎಣಿಸುವುದು ರೂಢಿ. ಅಂಕಿ ಹೆಚ್ಚಿದಷ್ಟೂ ಕೇಳುವುದು ಕಡಿಮೆ.

ಬೀಪ್ ಎಷ್ಟು ತಾರಕದ್ದು ಎಂಬುದನ್ನು ಹರ್ಟ್ಝ್‌ನಲ್ಲಿ ಅಳೆಯುತ್ತೇವೆ, ಈ ಅಂಕಿ ಹೆಚ್ಚಿದಷ್ಟೂ ಸ್ವರ ತಾರಕ. ಬಲಗಿವಿ 250ರಿಂದ 2000 ಹರ್ಟ್ಝ್‌ವರೆಗೆ 10-15 ಡೆಸಿಬೆಲ್ ಇತ್ತು. 4000ದಲ್ಲಿ ಮಾತ್ರ 30ಕ್ಕೆ ಬಿದ್ದು, 8000ದಲ್ಲಿ ಮತ್ತೆ 15ಕ್ಕೆ ಬಂತು. ಗದ್ದಲದಲ್ಲಿ ವರ್ಷಗಟ್ಟಲೆ ದುಡಿದವರಲ್ಲಿ 4000ದ ಹತ್ತಿರ ಇಂಥ ಗುಳಿ ಸಿಗುವುದು ಮಾಮೂಲು. ಎಡಗಿವಿಯಲ್ಲಿ 500ಕ್ಕೆ 90, 1000ಕ್ಕೆ 95, 2000ಕ್ಕೆ 95, 4000ಕ್ಕೆ 105 ಬಂತು. 8000ದಲ್ಲಿ ಉತ್ತರವೇ ಇಲ್ಲ.

ಈ ಅಂಕಿಗಳನ್ನು ಕಾಗದದಲ್ಲಿ ಗುರುತು ಹಾಕುವಾಗಲೇ ಮನಸ್ಸಿಗೆ ಏನೋ ಸರಿ ಕಾಣಲಿಲ್ಲ. ಕಾರಣ ಹೇಳುತ್ತೇನೆ.

ಬಾರದೇ ಹೋದ ನೆರಳು

ಎಡಗಿವಿಯ ಹೆಡ್‌ಫೋನಿನಲ್ಲಿ ಜೋರಾಗಿ ಸದ್ದು ಕೊಟ್ಟರೆ ಅದು ಎಡಗಿವಿಯಲ್ಲೇ ನಿಲ್ಲುವುದಿಲ್ಲ. ತಲೆಬುರುಡೆಯನ್ನು ನಡುಗಿಸಿ ಆ ಕಡೆಯ ಒಳಕಿವಿಯನ್ನೂ ಮುಟ್ಟುತ್ತದೆ. ದಾಟುವಾಗ ಸದ್ದು ಸುಮಾರು 40ರಿಂದ 65 ಡೆಸಿಬೆಲ್ ಸೊರಗುತ್ತದೆ. ಇವರ ಬಲಗಿವಿ 1000 ಹರ್ಟ್ಝ್‌ನಲ್ಲಿ 10 ಡೆಸಿಬೆಲ್ ಇದ್ದರೂ ಕೇಳಿಸಿಕೊಳ್ಳುತ್ತದೆ. ಹಾಗಾದರೆ ಎಡಗಿವಿ ಪೂರ್ತಿ ಸತ್ತಿದ್ದರೂ, ಎಡಗಡೆ ಕೊಟ್ಟ ಸದ್ದು 50ರಿಂದ 75 ತಲುಪುವಷ್ಟರಲ್ಲಿ ಬಲಗಿವಿಗೆ ಕೇಳಲೇಬೇಕು. ಹೀಗೆ ಕೆಟ್ಟ ಕಿವಿಯ ಹೆಸರಿನಲ್ಲಿ ಒಳ್ಳೆಯ ಕಿವಿ ಕೊಡುವ ಉತ್ತರವನ್ನು ನೆರಳು ಗೆರೆ ಎನ್ನುತ್ತೇವೆ. ಬೇರೆ ದಿನಗಳಲ್ಲಿ ಈ ನೆರಳು ನಮಗೆ ತೊಂದರೆ. ಅದನ್ನು ತಡೆಯಲು ಒಳ್ಳೆಯ ಕಿವಿಗೆ ಮಳೆ ಸುರಿದಂಥ ಸದ್ದು ತುಂಬುತ್ತೇವೆ, ಅದೇ ಮಾಸ್ಕಿಂಗ್. ಇಲ್ಲಿ ಬೇಕೆಂದೇ ಮಾಸ್ಕಿಂಗ್ ಇಲ್ಲದೆ ಅಳೆದೆ. ನೆರಳು ಬರಲೇ ಇಲ್ಲ. 95ರವರೆಗೆ ಸುಮ್ಮನಿದ್ದರು.

ಒಂದು ಕಿವಿ ನಿಜವಾಗಿ ಹೋದವರಿಗೆ ಹೀಗೆ ಮಾಡಿದರೆ ಅವರು ಬಟನ್ ಒತ್ತುವುದಷ್ಟೇ ಅಲ್ಲ, "ನೀವು ಈ ಕಡೆ ಹಾಕ್ತಿದ್ದೀರಿ, ಆದ್ರೆ ನನಗೆ ಆ ಕಡೆ ಕೇಳಿಸ್ತಿದೆ" ಎಂದು ತಾವಾಗಿಯೇ ಹೇಳುತ್ತಾರೆ. ನಟಿಸುವವರಿಗೆ ಇದು ಗೊತ್ತಿರುವುದಿಲ್ಲ. ಎಡಗಿವಿ ಸತ್ತಿದೆ ಎಂದರೆ ಎಡಗಡೆಯಿಂದ ಬಂದ ಯಾವುದಕ್ಕೂ ಉತ್ತರ ಕೊಡಬಾರದು ಎಂದುಕೊಂಡಿರುತ್ತಾರೆ.

ಮೂಳೆಯ ಮೂಲಕ ಕೇಳಿಸುವ ಪರೀಕ್ಷೆಯಲ್ಲಿ ಇದು ಇನ್ನೂ ಸ್ಪಷ್ಟವಾಯಿತು. ಕಿವಿಯ ಹಿಂದಿನ ಉಬ್ಬು ಮೂಳೆಗೆ ಸಣ್ಣ ಕಂಪನದ ಸಾಧನ ಇಡುತ್ತೇವೆ. ಅಲ್ಲಿಂದ ಕಂಪನ ಎರಡೂ ಒಳಕಿವಿಗಳಿಗೆ ಹೆಚ್ಚುಕಡಿಮೆ ಒಂದೇ ಜೋರಿನಲ್ಲಿ ಮುಟ್ಟುತ್ತದೆ. ಎಡಗಡೆ ಇಟ್ಟರೂ ಬಲ ಒಳಕಿವಿ 10-15ರಲ್ಲೇ ಕೇಳಬೇಕು. ಇವರು 1000 ಹರ್ಟ್ಝ್‌ನಲ್ಲಿ 60ರವರೆಗೂ ಒತ್ತಲಿಲ್ಲ. ಅದೇ ಸಾಧನವನ್ನು ಬಲಗಡೆ ಇಟ್ಟ ಕೂಡಲೇ 10ಕ್ಕೆ ಒತ್ತಿದರು. ಇದಕ್ಕೆ ರೋಗದ ಕಡೆಯಿಂದ ವಿವರಣೆ ಇಲ್ಲ.

ಇನ್ನೂ ಎರಡು ವಿಷಯ ಅವತ್ತೇ ಸಿಕ್ಕವು. ಹತ್ತು ನಿಮಿಷ ಬಿಟ್ಟು 1000 ಹರ್ಟ್ಝ್ ಮತ್ತೆ ಅಳೆದಾಗ 95 ಇದ್ದದ್ದು 80 ಆಗಿತ್ತು. ಸಾಮಾನ್ಯವಾಗಿ ಎರಡನೇ ಸಲ 5 ಡೆಸಿಬೆಲ್‌ಗಿಂತ ಜಾಸ್ತಿ ವ್ಯತ್ಯಾಸ ಬರುವುದಿಲ್ಲ. ನಟಿಸುವವರು "ಇಷ್ಟು ಜೋರಾದಾಗ ಒತ್ತೋಣ" ಎಂದು ಮನಸ್ಸಿನಲ್ಲೇ ಒಂದು ಅಳತೆಗೋಲು ಇಟ್ಟುಕೊಂಡಿರುತ್ತಾರೆ. ಆ ಜೋರನ್ನು ನೆನಪಿನಲ್ಲಿ ಹಿಡಿದಿಡುವುದು ಬಹಳ ಕಷ್ಟ.

ಎರಡನೆಯದು ಮಾತಿನ ಪರೀಕ್ಷೆ. ಬೀಪ್ ಬದಲು ಪದಗಳನ್ನು ಕೇಳಿಸುತ್ತೇವೆ, ಕೇಳಿದ ಪದ ತಿರುಗಿ ಹೇಳಬೇಕು. ಅರ್ಧದಷ್ಟು ಪದಗಳನ್ನು ಸರಿಯಾಗಿ ಹೇಳಬಲ್ಲ ಮಟ್ಟವನ್ನು ಬರೆದುಕೊಳ್ಳುತ್ತೇವೆ. 500, 1000, 2000 ಹರ್ಟ್ಝ್‌ಗಳ ಸರಾಸರಿಗೂ ಇದಕ್ಕೂ ಹತ್ತಿರದ ನಂಟು. ಪ್ರಾಮಾಣಿಕವಾಗಿ ಉತ್ತರಿಸಿದರೆ ಎರಡರ ನಡುವೆ ಹತ್ತು ಡೆಸಿಬೆಲ್ ದಾಟುವುದು ಅಪರೂಪ. ಇವರ ಎಡಗಿವಿಯ ಸರಾಸರಿ 93 ಇತ್ತು, ಮಾತಿನ ಮಟ್ಟ 60ಕ್ಕೆ ಬಂತು. 33 ಡೆಸಿಬೆಲ್ ವ್ಯತ್ಯಾಸ! ಒಂದೇ ಅಂಕಿಯಲ್ಲಿ ಕೊಟ್ಟರೂ ಮಾತು ಬೀಪ್‌ಗಿಂತ ಜೋರಾಗಿ ಅನಿಸುತ್ತದೆ. ಅದಕ್ಕೇ ಮನಸ್ಸಿನ ಅಳತೆಗೋಲು ಇಲ್ಲಿ ಮೋಸ ಹೋಗುತ್ತದೆ. "ಕೈಚೀಲ" ಎಂದರೆ "ಕೈ", "ಮಳೆಗಾಲ" ಎಂದರೆ "ಮಳೆ" ಎಂದು ಅರ್ಧ ಪದ ಮಾತ್ರ ಹೇಳುತ್ತಿದ್ದರು. ಒಂದೇ ಜೋರಿನಲ್ಲಿ ಬಂದ ಪದದ ಮೊದಲರ್ಧ ಪ್ರತಿ ಸಲ ಕೇಳಿ, ಉಳಿದರ್ಧ ಪ್ರತಿ ಸಲ ತಪ್ಪುವುದು ಹೇಗೆ?

ಒಂದು ಸಣ್ಣ ಅಂಶವನ್ನೂ ಟಿಪ್ಪಣಿಯಲ್ಲಿ ಬರೆದಿದ್ದೆ. ಇಡೀ ಪರೀಕ್ಷೆಯಲ್ಲಿ ಅವರು ಒಂದು ಸಲವೂ ತಪ್ಪಾಗಿ ಬಟನ್ ಒತ್ತಿರಲಿಲ್ಲ. ಕಷ್ಟಪಟ್ಟು ಕೇಳಿಸಿಕೊಳ್ಳುವವರು ಸದ್ದೇ ಇಲ್ಲದಾಗಲೂ "ಕೇಳಿಸಿತೇನೋ" ಎಂದು ಆಗಾಗ ಒತ್ತಿಬಿಡುತ್ತಾರೆ. ಕೇಳಿಸಿದ್ದನ್ನೇ ಮುಚ್ಚಿಡುವವರು ಹಾಗೆ ಒತ್ತುವುದು ಅಪರೂಪ.

ಸ್ಟೆಂಗರ್ ಪರೀಕ್ಷೆ

ಇಷ್ಟು ಸಿಕ್ಕ ಮೇಲೆ "ಫಲಿತಾಂಶ ನಂಬಲರ್ಹವಲ್ಲ" ಎಂದು ಬರೆದು ಕಡತ ಮುಚ್ಚಬಹುದಿತ್ತು. ಎಷ್ಟೋ ವರದಿಗಳು ಅಲ್ಲಿಗೇ ನಿಲ್ಲುತ್ತವೆ. ನನ್ನ ಮಟ್ಟಿಗೆ ಅದು ಅರ್ಧ ಕೆಲಸ. 95 ಸುಳ್ಳು ಎಂದು ಗೊತ್ತಾಯಿತು. ನಿಜ ಎಷ್ಟು? 10 ಇರಬಹುದು, 60 ಕೂಡ ಇರಬಹುದು.

ಒಂದೇ ಕಿವಿಯ ದೂರು ಇದ್ದಾಗ ಸ್ಟೆಂಗರ್ ಪರೀಕ್ಷೆಯಷ್ಟು ಸರಳವಾದದ್ದು, ಗಟ್ಟಿಯಾದದ್ದು ಇನ್ನೊಂದಿಲ್ಲ. ನೂರು ವರ್ಷಕ್ಕೂ ಹಿಂದೆ, ಕೇಳುವಿಕೆ ಅಳೆಯುವ ಯಂತ್ರವಾದ ಆಡಿಯೋಮೀಟರ್ ಬರುವ ಮುಂಚೆ, ಶ್ರುತಿ ಕವೆಗಳನ್ನು ಕಿವಿಗಳ ಹತ್ತಿರ ಹಿಡಿದು ಇದನ್ನು ಮಾಡುತ್ತಿದ್ದರು. ಅದರ ಗುಟ್ಟನ್ನು ಯಾರು ಬೇಕಾದರೂ ಹೆಡ್‌ಫೋನಿನಲ್ಲಿ ಹಾಡು ಕೇಳುವಾಗ ಅನುಭವಿಸಬಹುದು. ಎರಡೂ ಕಡೆ ಒಂದೇ ಸದ್ದು ಬರುವಾಗ ಬ್ಯಾಲೆನ್ಸನ್ನು ಎಡಕ್ಕೆ ತಿರುಗಿಸುತ್ತಾ ಹೋಗಿ. ಸದ್ದು ನಡುವಿನಿಂದ ಜಾರಿ ಎಡಕ್ಕೆ ಹೋಗಿ ಕೂರುತ್ತದೆ. ಬಲಗಡೆ ಇನ್ನೂ ಸಣ್ಣಗೆ ಬರುತ್ತಲೇ ಇರುತ್ತದೆ, ಆದರೆ ಬಲಗಡೆ ಸದ್ದಿದೆ ಎಂದು ಅನಿಸುವುದೇ ಇಲ್ಲ. ಒಂದೇ ಸ್ವರ ಎರಡು ಕಿವಿಗೂ ಒಟ್ಟಿಗೆ ಬಂದರೆ ಮಿದುಳು ಅದನ್ನು ಎರಡು ಎಂದು ಎಣಿಸುವುದಿಲ್ಲ. ಜೋರಿರುವ ಕಡೆಯ ಒಂದೇ ಸದ್ದು ಎಂದುಕೊಳ್ಳುತ್ತದೆ.

ಇವರಿಗೆ 1000 ಹರ್ಟ್ಝ್‌ನಲ್ಲಿ ಬಲಗಿವಿಗೆ 20 ಡೆಸಿಬೆಲ್ ಕೊಟ್ಟೆ, ಅಂದರೆ ಅವರ ಹೊಸ್ತಿಲಿಗಿಂತ 10 ಜಾಸ್ತಿ. ಅದೇ ಕ್ಷಣದಲ್ಲಿ ಎಡಗಿವಿಗೆ 85 ಕೊಟ್ಟೆ, ಅಂದರೆ ಕೇಳುತ್ತದೆ ಎಂದು ಅವರೇ ಒಪ್ಪಿದ್ದಕ್ಕಿಂತ 10 ಕಡಿಮೆ. ಎಡಗಿವಿ ನಿಜವಾಗಿ ಸತ್ತಿದ್ದರೆ ಅವರ ಪಾಲಿಗೆ ಬಲಗಡೆಯ ಸದ್ದು ಮಾತ್ರ ಇರುತ್ತದೆ, ಧಾರಾಳವಾಗಿ ಒತ್ತುತ್ತಾರೆ. ಅವರು ಒತ್ತಲಿಲ್ಲ. ಎಡಗಡೆಯ ಜೋರು ಸದ್ದು ಬಲಗಡೆಯದನ್ನು ನುಂಗಿಬಿಟ್ಟಿತ್ತು. ಎಡಗಡೆ ಸದ್ದಾದರೆ ಒತ್ತಬಾರದು ಎಂದು ಅವರು ಮೊದಲೇ ತೀರ್ಮಾನಿಸಿದ್ದರು. ಬಲಗಿವಿಯಲ್ಲೂ ಸದ್ದಿತ್ತು ಎಂಬುದು ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಅವರ ಮೌನವೇ ಇಲ್ಲಿ ಉತ್ತರವಾಯಿತು.

ಆಮೇಲೆ ಇದೇ ಪರೀಕ್ಷೆಯನ್ನು ತಿರುಗುಮುರುಗು ಮಾಡಿದೆ. ಬಲಗಡೆ 20ರಲ್ಲೇ ಇಟ್ಟು, ಎಡಗಡೆ ಸೊನ್ನೆಯಿಂದ ಐದೈದು ಏರಿಸುತ್ತಾ ಹೋದೆ. ಮೊದಮೊದಲು ಪ್ರತಿ ಸಲವೂ ಒತ್ತಿದರು. ಎಡಗಡೆ 35 ಆದಾಗ ನಿಲ್ಲಿಸಿದರು. ಅಂದರೆ ಅಲ್ಲಿ ಎಡಗಡೆಯ ಸದ್ದು ಗೆದ್ದಿತು. ಹೀಗೆ ನಿಲ್ಲಿಸುವ ಮಟ್ಟ ನಿಜವಾದ ಹೊಸ್ತಿಲಿಗಿಂತ ಸುಮಾರು 10ರಿಂದ 20 ಮೇಲಿರುತ್ತದೆ. ಆ ಲೆಕ್ಕದಲ್ಲಿ ಎಡಗಿವಿ 1000ದಲ್ಲಿ 15-25ರ ಸುತ್ತ ಇರಬೇಕು. 500ರಲ್ಲಿ 30ಕ್ಕೆ ನಿಲ್ಲಿಸಿದರು, 2000ದಲ್ಲಿ 45ಕ್ಕೆ.

4000ದಲ್ಲಿ ಬಲಗಡೆ 40 ಇಟ್ಟು ಎಡಗಡೆ ಏರಿಸಿದೆ. 45, 50, 55, ಒತ್ತುತ್ತಲೇ ಇದ್ದರು. 60, 65, 70, ಆಗಲೂ ಒತ್ತಿದರು. 75ಕ್ಕೆ ನಿಂತಿತು.

ನನ್ನ ಕೈ ಅಲ್ಲೇ ನಿಂತಿತು. ಮತ್ತೆರಡು ಸಲ ಮಾಡಿದೆ, ಅದೇ 75. ಒಂದು ಗಂಟೆಯಿಂದ ಇವರ ಉತ್ತರಗಳನ್ನೆಲ್ಲ ಅನುಮಾನದಿಂದಲೇ ಕೇಳುತ್ತಿದ್ದೆ. ನನ್ನ ದನಿಯೂ ಸ್ವಲ್ಪ ಬಿಗಿಯಾಗಿತ್ತೇನೋ. ಈಗ, ಅವರು ಮೋಸ ಮಾಡಲು ಸಾಧ್ಯವೇ ಇಲ್ಲದ ಪರೀಕ್ಷೆಯಲ್ಲಿ, 4000 ಹರ್ಟ್ಝ್‌ನಲ್ಲಿ ಎಡಗಿವಿ 60ರ ಆಸುಪಾಸು ನಿಜವಾಗಿಯೂ ಕೆಟ್ಟಿದೆ ಎಂದು ಕಾಣುತ್ತಿತ್ತು.

ಅವತ್ತು ಅವರಿಗೆ ಇಷ್ಟೇ ಹೇಳಿದೆ: "ಪರೀಕ್ಷೆಗಳು ಒಂದಕ್ಕೊಂದು ತಾಳೆ ಆಗ್ತಿಲ್ಲ. ಇನ್ನೂ ಕೆಲವು ಮಾಡಬೇಕು. ಅವುಗಳಲ್ಲಿ ನೀವು ಬಟನ್ ಒತ್ತೋದು ಇರಲ್ಲ, ಸುಮ್ನೆ ಕೂತ್ಕೊಂಡರೆ ಸಾಕು."

ಸ್ವಲ್ಪ ಹೊತ್ತು ಬಿಟ್ಟು ಅವರು ಕೇಳಿದರು. "ಅದ್ರಲ್ಲಿ ಎಲ್ಲಾ ಗೊತ್ತಾಗುತ್ತಾ ಮೇಡಂ?"

"ನಿಮ್ಮ ಕಿವಿಗೆ ನಿಜವಾಗ್ಲೂ ಏನಾಗಿದೆ ಅನ್ನೋದು ಗೊತ್ತಾಗುತ್ತೆ" ಎಂದೆ.

ಬಟನ್ ಇಲ್ಲದ ಪರೀಕ್ಷೆಗಳು

ಮೂರು ದಿನ ಬಿಟ್ಟು ಬಂದರು. ಮೊದಲು ನಡುಗಿವಿ ನೋಡಿದೆ. ಕಿವಿ ತಮಟೆಯ ಅಲುಗಾಟ ಎರಡೂ ಕಡೆ ಸರಿಯಾಗಿತ್ತು. ಸಿಡಿತಕ್ಕೆ ತಮಟೆ ಹರಿದಿದ್ದರೂ ವಾಸಿಯಾಗಿತ್ತು ಎಂದಾಯಿತು.

ನಡುಗಿವಿಯಲ್ಲಿ ಒಂದು ಪುಟ್ಟ ಸ್ನಾಯು ಇದೆ. ಜೋರು ಸದ್ದು ಬಂದಾಗ ತಾನಾಗಿಯೇ ಬಿಗಿಯಾಗುತ್ತದೆ. ಸಾಮಾನ್ಯವಾಗಿ 70ರಿಂದ 100 ಡೆಸಿಬೆಲ್ ನಡುವೆ. ಕಣ್ಣಿಗೆ ಬೆಳಕು ಬಿದ್ದಾಗ ಪಾಪೆ ಕಿರಿದಾಗುವ ಹಾಗೆ, ಇದನ್ನು ಬೇಕೆಂದು ತಡೆಯಲು ಆಗುವುದಿಲ್ಲ. ಇವರ ಎಡಗಿವಿಗೆ 1000 ಹರ್ಟ್ಝ್ ಸದ್ದನ್ನು 90ರಲ್ಲಿ ಕೊಟ್ಟಾಗಲೇ ಸ್ನಾಯು ಬಿಗಿಯಾಯಿತು. ಮೊದಲ ದಿನ ಮೊದಲ ಸಲ ಅಳೆದಾಗ ಈ ಸ್ವರ 95ರ ಕೆಳಗೆ ಕೇಳುವುದಿಲ್ಲ ಎಂದಿದ್ದ ಕಿವಿ ಅದು. ಕಿವಿಗೆ ಕೇಳದ ಸದ್ದಿಗೆ ಸ್ನಾಯು ಬಿಗಿಯಾಗುವುದಿಲ್ಲ. 4000ದಲ್ಲಿ ಬಿಗಿಯಾಗಲಿಲ್ಲ. ಆದರೆ ಚೆನ್ನಾಗಿ ಕೇಳುವವರಲ್ಲೂ 4000ದಲ್ಲಿ ಇದು ಎಷ್ಟೋ ಸಲ ಸಿಗುವುದಿಲ್ಲ, ಹಾಗಾಗಿ ಅದಕ್ಕೆ ಬೆಲೆ ಕೊಡಲಿಲ್ಲ.

ಮುಂದಿನದು ಒಳಕಿವಿಯ ಪ್ರತಿಧ್ವನಿ. ಒಳಕಿವಿ ಸದ್ದನ್ನು ಬರೀ ಕೇಳುವುದಿಲ್ಲ, ತಾನೂ ಒಂದು ಸಣ್ಣ ಸದ್ದನ್ನು ಹೊರಗೆ ಕಳಿಸುತ್ತದೆ. 1978ರಲ್ಲಿ ಬ್ರಿಟಿಷ್ ವಿಜ್ಞಾನಿ ಡೇವಿಡ್ ಕೆಂಪ್ ಇದನ್ನು ತೋರಿಸಿಕೊಟ್ಟರು. ಒಳಕಿವಿಯಲ್ಲಿ ಸದ್ದಿಗೆ ಅಲುಗುವ, ಕೂದಲಿನಂಥ ಎಳೆಗಳಿರುವ ಕೋಶಗಳಿವೆ, ಅವೇ ಕೂದಲು ಕೋಶಗಳು. ಅವುಗಳಲ್ಲಿ ಹೊರಸಾಲಿನವು ಚೆನ್ನಾಗಿದ್ದರೆ ಮಾತ್ರ ಈ ಸದ್ದು ಸಿಗುತ್ತದೆ. ಒಳಕಿವಿ ಕೆಟ್ಟು ಹೊಸ್ತಿಲು 40 ಡೆಸಿಬೆಲ್ ದಾಟಿದ್ದರೆ ಸಾಮಾನ್ಯವಾಗಿ ಸಿಗುವುದಿಲ್ಲ. ಇವರ ಎಡಗಿವಿಯಲ್ಲಿ 1000 ಮತ್ತು 1500ರಲ್ಲಿ ಚೆನ್ನಾಗಿ ಸಿಕ್ಕಿತು. 2000ದಲ್ಲಿ ಕುಗ್ಗಿತ್ತು. 3000ದಿಂದ 6000ದವರೆಗೆ ಏನೂ ಇಲ್ಲ. ಸ್ಟೆಂಗರ್ ಹೇಳಿದ ಕಥೆಯನ್ನೇ ಇನ್ನೊಂದು ಬಾಯಿಂದ ಕೇಳಿದಂತಾಯಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಪ್ರತಿಧ್ವನಿ ಸಿಕ್ಕಿತು, ಹಾಗಾಗಿ ಇವರು ಸುಳ್ಳು ಹೇಳುತ್ತಿದ್ದಾರೆ ಎಂದು ಓಡುವುದು ಅಪಾಯ. ಕೆಲವರಲ್ಲಿ ಕೂದಲು ಕೋಶಗಳು ಸರಿಯಿದ್ದು, ಮುಂದೆ ಶ್ರವಣ ನರದಲ್ಲಿ ಸಂಕೇತಗಳು ಒಟ್ಟಾಗಿ ಸಾಗುವುದಿಲ್ಲ. ಅಂಥವರಲ್ಲಿ ಪ್ರತಿಧ್ವನಿ ಚೆನ್ನಾಗಿರುತ್ತದೆ, ಬೀಪ್‌ಗೆ ಉತ್ತರ ಒಂದೊಂದು ಸಲ ಒಂದೊಂದು ಥರ ಇರುತ್ತದೆ, ಮಾತು ಅರ್ಥವಾಗುವುದಿಲ್ಲ. ಅವರನ್ನು ನಟಿಸುತ್ತಿದ್ದಾರೆ ಎಂದು ಬೈದು ಕಳಿಸಿದರೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ಅದಕ್ಕೇ ನರದ ದಾರಿಯನ್ನೂ ನೋಡಲೇಬೇಕು.

ಹಣೆಗೆ, ಕಿವಿಯ ಹಿಂದಕ್ಕೆ ಎಲೆಕ್ಟ್ರೋಡ್ ಅಂಟಿಸಿ, ಒರಗು ಕುರ್ಚಿಯಲ್ಲಿ ಮಲಗಿಸಿದೆ. ಕಿವಿಗೆ ಟಕಟಕ ಸದ್ದು ಕೊಡುತ್ತಾ ಹೋದರೆ ನರದಿಂದ ಮಿದುಳ ಬುಡದವರೆಗೆ ಸಂಕೇತ ಸಾಗಿದ್ದು ಅಲೆಗಳಾಗಿ ಕಾಣುತ್ತದೆ. ಒಂದೊಂದು ಅಲೆ ತುಂಬಾ ಚಿಕ್ಕದು. ಸಾವಿರಾರು ಸಲ ಸದ್ದು ಕೊಟ್ಟು ಸರಾಸರಿ ತೆಗೆದಾಗ ಮೇಲೆದ್ದು ಬರುತ್ತದೆ. ಇದರಲ್ಲಿ ಐದನೇ ಅಲೆ ಮುಖ್ಯ. ಜೋರು ಸದ್ದಿಗೆ ಅದು 6 ಮಿಲಿಸೆಕೆಂಡ್ ಒಳಗೆ ಕಾಣಿಸಿಕೊಳ್ಳುತ್ತದೆ, ಸದ್ದು ಇಳಿಸಿದಷ್ಟೂ ಚಿಕ್ಕದಾಗಿ ತಡವಾಗುತ್ತದೆ. ನಿದ್ದೆ ಮಾಡಿದರೂ ತೊಂದರೆ ಇಲ್ಲ, ಇನ್ನೂ ಒಳ್ಳೆಯದೇ. ಅವರು ನಿಜವಾಗಿಯೂ ನಿದ್ದೆ ಹೋದರು.

ಎಡಗಿವಿಯಲ್ಲಿ ಅಲೆಗಳು ಅಚ್ಚುಕಟ್ಟಾಗಿ ಬಂದವು. ಎರಡೂ ಕಿವಿಗಳ ಐದನೇ ಅಲೆಯ ನಡುವೆ 0.2 ಮಿಲಿಸೆಕೆಂಡ್ ವ್ಯತ್ಯಾಸ ಇತ್ತು. ನರದ ತೊಂದರೆ ಎಂದು ಅನುಮಾನಿಸುವಷ್ಟಲ್ಲ. 1000 ಹರ್ಟ್ಝ್‌ನ ಚಿಕ್ಕ ಸ್ವರಕ್ಕೆ 30ರವರೆಗೂ ಅಲೆ ಸಿಕ್ಕಿತು. 4000ದಲ್ಲಿ 75ರಲ್ಲಿ ಇತ್ತು, 65ರಲ್ಲಿ ಇಲ್ಲ. ಅಲೆ ಸಿಗುವ ಮಟ್ಟ ಸಾಮಾನ್ಯವಾಗಿ ಹೊಸ್ತಿಲಿಗಿಂತ ಸ್ವಲ್ಪ ಮೇಲಿರುತ್ತದೆ ಎಂದು ಲೆಕ್ಕ ಹಾಕಿದರೆ ಎಲ್ಲವೂ ಒಂದೇ ಕಡೆ ಬೊಟ್ಟು ಮಾಡುತ್ತಿದ್ದವು.

ಮಾತು

ಇನ್ನು ಉಳಿದದ್ದು ಅವರೊಂದಿಗೆ ಮಾತಾಡುವುದು. ಈ ಕೆಲಸದಲ್ಲಿ ಅತಿ ಕಷ್ಟದ್ದು ಇದೇ. "ನೀವು ಸುಳ್ಳು ಹೇಳ್ತಿದ್ದೀರಿ" ಎಂದರೆ ಎದುರಿನವರು ಇನ್ನಷ್ಟು ಬಿಗಿಯಾಗುತ್ತಾರೆ. ಮತ್ತೆ ನಿಜದ ಅಂಕಿ ಸಿಗುವುದಿಲ್ಲ. ಅಲ್ಲದೆ ಆ ಮಾತನ್ನು ಹೇಳಲು ನನ್ನ ಹತ್ತಿರ ಆಧಾರವೂ ಇಲ್ಲ. ಬಟನ್ ಒತ್ತಿದ್ದಕ್ಕೂ ಕಿವಿಗೂ ಹೊಂದಿಕೆ ಇಲ್ಲ ಎಂದು ಯಂತ್ರ ಹೇಳಬಲ್ಲದು. ಯಾಕೆ ಎಂದು ಹೇಳಲಾರದು. ತನಗೆ ಕೇಳುವುದಿಲ್ಲ ಎಂದು ತಾನೇ ನಂಬಿಬಿಟ್ಟವರಿದ್ದಾರೆ. ಹತ್ತು-ಹನ್ನೆರಡರ ಮಕ್ಕಳಲ್ಲಿ, ಶಾಲೆಯಲ್ಲೋ ಮನೆಯಲ್ಲೋ ಹೇಳಿಕೊಳ್ಳಲಾಗದ ಸಂಕಟವೊಂದು ಕಿವಿಯ ರೂಪದಲ್ಲಿ ಹೊರಬರುವುದನ್ನೂ ಕಂಡಿದ್ದೇನೆ.

ಕುರ್ಚಿಯನ್ನು ಅವರ ಬಲಗಡೆಗೆ ಎಳೆದುಕೊಂಡು ಕೂತು ಹೇಳಿದೆ. "ಮೊದಲ ದಿನ ಹೇಗೆ ಒತ್ತಬೇಕು ಅಂತ ನಾನು ಸರಿಯಾಗಿ ತಿಳಿಸಲಿಲ್ಲ ಅನ್ಸುತ್ತೆ. ಆ ಪರೀಕ್ಷೆ ಇನ್ನೊಂದು ಸಲ ಮಾಡೋಣ. ಒಂದು ವಿಷಯ ಮಾತ್ರ ನಿಮಗೆ ಗೊತ್ತಿರಲಿ. ನಿಮ್ಮ ಎಡಗಿವಿಗೆ ಪೆಟ್ಟಾಗಿರೋದು ನಿಜ. ತಾರಕದ ಸದ್ದು ಹಿಡಿಯೋ ಭಾಗ ಚೆನ್ನಾಗೇ ಹಾಳಾಗಿದೆ. ಅದು ಈ ಕಾಗದಗಳಲ್ಲಿ ಕಾಣ್ತಿದೆ."

ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ್ದ ಕಾಗದ ತೆಗೆದು ಕೊಟ್ಟರು. ಸಿಡಿತವಾದ ಒಂದು ತಿಂಗಳಿಗೆ ಬೇರೆ ಕಡೆ ಮಾಡಿಸಿದ್ದ ಪರೀಕ್ಷೆ. ಎಡಗಿವಿಯಲ್ಲಿ 500ಕ್ಕೆ 15, 1000ಕ್ಕೆ 20, 2000ಕ್ಕೆ 30. 4000ಕ್ಕೆ 60. ಕೆಳಗೆ ಸರಾಸರಿ 22 ಎಂದು ಬರೆದು, "ಕೇಳುವಿಕೆ ಸಾಮಾನ್ಯ ಮಟ್ಟದಲ್ಲಿದೆ" ಎಂಬ ಮೊಹರು ಹಾಕಿದ್ದರು.

ಲೆಕ್ಕದಲ್ಲಿ ತಪ್ಪಿರಲಿಲ್ಲ. 15, 20, 30 ಕೂಡಿಸಿ ಮೂರರಿಂದ ಭಾಗಿಸಿದರೆ 21.7 ಬರುತ್ತದೆ. ತಪ್ಪಿದ್ದದ್ದು ಬೇರೆ ಕಡೆ. ಆ ಸರಾಸರಿಯಲ್ಲಿ 4000ಕ್ಕೆ ಜಾಗವೇ ಇಲ್ಲ. ಗದ್ದಲ ಮತ್ತು ಸಿಡಿತಗಳು ಹಾಳುಮಾಡುವುದು ಮೊದಲು 3000ದಿಂದ 6000ದ ನಡುವಿನ ಭಾಗವನ್ನೇ. ಹಾಳಾದದ್ದನ್ನು ಬಿಟ್ಟು ಚೆನ್ನಾಗಿರುವುದರ ಸರಾಸರಿ ತೆಗೆದರೆ ಚೆನ್ನಾಗಿದೆ ಎಂದೇ ಬರುತ್ತದೆ. ಹಳೆಯ ಸೂತ್ರಗಳಲ್ಲಿ ಈ ಮೂರು ಸ್ವರಗಳಷ್ಟೇ ಇದ್ದವು. ಆಮೇಲೆ ಬಂದ ಕೆಲವು ಸೂತ್ರಗಳು 3000ವನ್ನು ಸೇರಿಸಿಕೊಂಡಿವೆ. ಸರಾಸರಿ ಬರೆದವರು ಅದರ ಪಕ್ಕದಲ್ಲಿ 4000ದ ಗುಳಿಯ ಬಗ್ಗೆ ಒಂದು ಸಾಲು ಬರೆದಿದ್ದರೂ ಸಾಕಿತ್ತು. ಇದನ್ನು ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ.

"ಮಾತು ಕೇಳುತ್ತೆ ಮೇಡಂ, ಏನು ಹೇಳ್ತಿದ್ದಾರೆ ಅಂತ ಗೊತ್ತಾಗಲ್ಲ" ಎಂದು ಶುರುಮಾಡಿದರು. ಮಿಷನ್ ನಡೆಯುವಾಗ ಎಡಗಡೆಯಿಂದ ಯಾರಾದರೂ ಕರೆದರೆ ದನಿ ಮಾತ್ರ ಕೇಳುತ್ತದೆ, ಪದ ಸಿಗುವುದಿಲ್ಲ. ಎರಡು ಸಲ ತಪ್ಪು ಕೆಲಸ ಮಾಡಿ ಬೈಸಿಕೊಂಡಿದ್ದರು. ರಾತ್ರಿ ಮಲಗಿದರೆ ಎಡಗಿವಿಯಲ್ಲಿ ಜೀರುಂಡೆ ಕೂಗಿದಂತೆ ಸದ್ದು. ಇಷ್ಟೆಲ್ಲ ಹೇಳಿದರೂ ಕಾಗದದಲ್ಲಿ "ಸಾಮಾನ್ಯ" ಎಂದಿರುವುದರಿಂದ ಯಾರೂ ನಂಬಲಿಲ್ಲ. ಪೂರ್ತಿ ಕೇಳುವುದಿಲ್ಲ ಎಂದರೆ ಮಾತ್ರ ಅರ್ಜಿ ನಿಲ್ಲುತ್ತದೆ ಎಂದು ಜೊತೆಯವರು ಹೇಳಿಕೊಟ್ಟರಂತೆ. ಮೊದಲ ದಿನ ಸದ್ದಿನ ಬಗ್ಗೆ ಕೇಳಿದಾಗ ಯಾಕೆ ಇಲ್ಲ ಎಂದಿರಿ ಎಂದೆ. "ಕಿವಿ ಸತ್ತೋಗಿದೆ ಅಂದ್ಮೇಲೆ ಅದ್ರಲ್ಲಿ ಸದ್ದು ಬರುತ್ತೆ ಅಂದ್ರೆ ಯಾರು ನಂಬ್ತಾರೆ?" ಎಂದರು. ನಿಜ ಏನೆಂದರೆ ಪೂರ್ತಿ ಕೇಳದ ಕಿವಿಯಲ್ಲೂ ಸದ್ದು ಬರುತ್ತದೆ. ಇದ್ದ ನಿಜವಾದ ತೊಂದರೆಯನ್ನೇ ಅವರು ನಟನೆಗೋಸ್ಕರ ಮುಚ್ಚಿಟ್ಟಿದ್ದರು.

ಮೂರನೇ ಅಳತೆ ಮತ್ತು ವರದಿ

ಮತ್ತೆ ಹೆಡ್‌ಫೋನ್ ಹಾಕಿ ಮೊದಲಿಂದ ಅಳೆದೆ. ಎಡಗಿವಿ 500ಕ್ಕೆ 15, 1000ಕ್ಕೆ 20, 2000ಕ್ಕೆ 30, 3000ಕ್ಕೆ 50, 4000ಕ್ಕೆ 65, 6000ಕ್ಕೆ 60, 8000ಕ್ಕೆ 45. ಹಳೆಯ ಕಾಗದಕ್ಕೂ ಇದಕ್ಕೂ 5 ಡೆಸಿಬೆಲ್‌ಗಿಂತ ಜಾಸ್ತಿ ವ್ಯತ್ಯಾಸ ಎಲ್ಲೂ ಇರಲಿಲ್ಲ. ಮಾತಿನ ಮಟ್ಟ 20ಕ್ಕೆ ಬಂದು ಸರಾಸರಿಗೆ ತಾಳೆಯಾಯಿತು.

ಗದ್ದಲದ ನಡುವೆ ಪದ ಕೇಳಿಸುವ ಪರೀಕ್ಷೆಯನ್ನೂ ಮಾಡಿದೆ. ಸದ್ದಿಲ್ಲದ ಕೋಣೆಯಲ್ಲಿ ಎಡಗಿವಿ 100ರಲ್ಲಿ 84 ಪದ ಸರಿಯಾಗಿ ಹಿಡಿಯಿತು. ಮಾತಿನಷ್ಟೇ ಜೋರಾದ ಗದ್ದಲ ಸೇರಿಸಿದಾಗ 44ಕ್ಕೆ ಇಳಿಯಿತು. ಅದೇ ಗದ್ದಲದಲ್ಲಿ ಬಲಗಿವಿ 76 ಹಿಡಿಯಿತು. "ಸ", "ಶ", "ತ", "ಟ" ಇರುವ ಪದಗಳಲ್ಲೇ ಹೆಚ್ಚು ತಪ್ಪುಗಳು. ಆ ಅಕ್ಷರಗಳ ಗುರುತು ಇರುವುದು ತಾರಕದ ಸದ್ದುಗಳಲ್ಲಿ. ಕಾರ್ಖಾನೆಯಲ್ಲಿ ಅವರಿಗೆ ಆಗುತ್ತಿದ್ದುದು ಇದೇ.

ವರದಿಯಲ್ಲಿ "ನಟನೆ" ಎಂಬ ಪದ ಬಳಸಲಿಲ್ಲ. ಹಾಗೆಂದು ಮೊದಲ ದಿನದ ಅಂಕಿಗಳನ್ನು ಮುಚ್ಚಿಡಲೂ ಇಲ್ಲ. ಅವು ಉಳಿದ ಪರೀಕ್ಷೆಗಳಿಗೆ ಹೊಂದುವುದಿಲ್ಲ, ಎಡಗಿವಿ ಪೂರ್ತಿ ಹೋಗಿದೆ ಎಂಬುದಕ್ಕೆ ಆಧಾರವಿಲ್ಲ ಎಂದು ನೇರವಾಗಿ ಬರೆದೆ. ಮತ್ತೆ ತಿಳಿಸಿ ಹೇಳಿ ಅಳೆದ ಅಂಕಿಗಳು ಸ್ಟೆಂಗರ್, ಪ್ರತಿಧ್ವನಿ, ನರದ ಅಲೆ ಮೂರಕ್ಕೂ ಹೊಂದುತ್ತವೆ ಎಂದೂ ಬರೆದೆ. 3000ದಿಂದ 8000ದವರೆಗಿನ ಕಿವುಡನ್ನು ಅಂಕಿಯ ಸಮೇತ ಕೊಟ್ಟೆ. ಸರಾಸರಿಯಲ್ಲಿ ಇದು ಯಾಕೆ ಕಾಣುವುದಿಲ್ಲ ಎಂಬುದಕ್ಕೆ ಒಂದು ಇಡೀ ಪ್ಯಾರಾ ಇಟ್ಟೆ. ಗದ್ದಲದಲ್ಲಿನ 44 ಮತ್ತು 76ನ್ನು ಪಕ್ಕಪಕ್ಕದಲ್ಲಿ ಹಾಕಿದೆ. ಎರಡು ಕಿವಿಗಳ ನಡುವೆ ಇಷ್ಟು ವ್ಯತ್ಯಾಸ ಇರುವಾಗ ಶ್ರವಣ ನರದ ಗಡ್ಡೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಎಂಆರ್‌ಐ ಮಾಡಿಸುವುದು ಒಳ್ಳೆಯದು ಎಂದು ವೈದ್ಯರಿಗೆ ತಿಳಿಸಿದೆ. ಅದರಲ್ಲಿ ಏನೂ ಇರಲಿಲ್ಲ. ಪರಿಹಾರ ಎಷ್ಟು, ಕೊಡಬೇಕೇ ಬೇಡವೇ ಎಂಬುದು ನನ್ನ ಕೈಯಲ್ಲಿಲ್ಲದ ವಿಷಯ.

ಕೂದಲು ಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಹಾಗಾಗಿ ಎಡಗಿವಿಗೆ ತಾರಕದ ಸದ್ದನ್ನು ಮಾತ್ರ ಎತ್ತಿಕೊಡುವ ಶ್ರವಣ ಸಾಧನ ಹಾಕಿ ನೋಡಿದೆವು. ಬಲಗಿವಿಯ 30ರ ಗುಳಿ ಬೆಳೆಯದಂತೆ ಕೆಲಸದ ಹೊತ್ತಿನಲ್ಲಿ ಕಿವಿ ರಕ್ಷಣೆ ತಪ್ಪಿಸಬಾರದು ಎಂದು ಹೇಳಿದೆ.

ಮೂರನೇ ಸಲ ಅಳೆದ ದಿನದ ಟಿಪ್ಪಣಿಯಲ್ಲಿ ಇನ್ನೊಂದು ಸಾಲಿದೆ. ಎಡಗಿವಿಯ 4000 ಹರ್ಟ್ಝ್ ಅಳೆಯುವಾಗ ನಾನು ಯಾವ ಸದ್ದನ್ನೂ ಕೊಡದಿದ್ದರೂ ಅವರು ಎರಡು ಸಲ ಬಟನ್ ಒತ್ತಿದರು. ಎರಡನೇ ಸಲ ತಾವೇ ತಲೆಯೆತ್ತಿ, ಗಾಜಿನ ಆಚೆಯಿಂದ ನನ್ನ ಕಡೆ ನೋಡಿ ಹೇಳಿದರು: "ಸಾರಿ ಮೇಡಂ, ಅದು ನನ್ನ ಕಿವಿಯೊಳಗಿನ ಸದ್ದು."